ಸುತ್ತಿಗೆ ಪೆಟ್ಟಿಗೆ ಎಷ್ಟು ವ್ಯಾಟ್?

ನಮ್ಮ ಫ್ಯಾಕ್ಟರಿಯ ಹಿರಿಯ ಫಿಟ್ಟರ್ ಒಬ್ಬರಿಗೆ ಸ್ಕ್ರೂಡ್ರೈವರೇ ಸ್ಟೆತಾಸ್ಕೋಪು. ಟೆಸ್ಟಿಗೆ ಕೂರಿಸಿದ ಟ್ರಾನ್ಸ್‌ಫಾರ್ಮರಿನ ತೊಟ್ಟಿಗೆ ಅದರ ತುದಿ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆವತ್ತೂ ಹಾಗೇ ನಿಂತರು. ಅರ್ಧ ನಿಮಿಷ ಕಳೆದ ಮೇಲೆ ಸ್ಕ್ರೂಡ್ರೈವರನ್ನು ಜೇಬಿಗೆ ಸೇರಿಸಿ, "ಮೇಡಂ, ಇದು ನರಳ್ತಾ ಇದೆ. ಮಾಲು ಸರಿ ಇದೆ, ಕಟ್ಟಿರೋದು ಸರಿ ಇಲ್ಲ" ಅಂದರು.

ನಾನು ನಂಬಲಿಲ್ಲ. ನಂಬದೆ ಮಾಡಿಕೊಂಡ ಫಜೀತಿಯನ್ನು ಆಮೇಲೆ ಹೇಳುತ್ತೇನೆ.

ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಟೆಸ್ಟಿಂಗ್ ವಿಭಾಗದಲ್ಲಿ ನಾನು ಇಪ್ಪತ್ತೆರಡು ವರ್ಷ ದುಡಿದವಳು. ಎರಡು ಕಂಬಗಳ ನಡುವೆ ಕೂತಿರುವ ಬೂದು ಬಣ್ಣದ ಡಬ್ಬ, ಹಳ್ಳಿಯಲ್ಲಿ ಎಲ್ಲರೂ ಟಿಸಿ ಅನ್ನುವುದು, ಅದೇ ನಮ್ಮ ಮಾಲು. 11 ಸಾವಿರ ವೋಲ್ಟನ್ನು 433ಕ್ಕೆ ಇಳಿಸುವುದು ಅದರ ಕೆಲಸ. ಕಟ್ಟಿ ಮುಗಿದ ಪ್ರತಿ ಟಿಸಿಗೂ ನೋ-ಲೋಡ್ ಟೆಸ್ಟ್ ಎಂಬುದೊಂದಿದೆ. 433 ವೋಲ್ಟಿನ ಕಡೆಯಿಂದ ಕರೆಂಟು ಕೊಟ್ಟು, ಆಚೆ ಕಡೆಯನ್ನು ಖಾಲಿ ಬಿಟ್ಟು, ವ್ಯಾಟ್‌ಮೀಟರ್ ನೋಡುವುದು, ಅಷ್ಟೆ. ಒಂದು ಬಲ್ಬನ್ನೂ ಉರಿಸದ, ಒಂದು ಪಂಪನ್ನೂ ತಿರುಗಿಸದ ಈ ಟಿಸಿ ಸುಮ್ಮನೆ ಕೂತು ಎಷ್ಟು ತಿನ್ನುತ್ತದೆ ಎಂಬ ಲೆಕ್ಕ ಅದು. ಆ ಕಾಲದಲ್ಲಿ ನಮ್ಮ 100 ಕೆವಿಎ ಟಿಸಿಗೆ ನಾವು ಬರೆದುಕೊಟ್ಟ ಗ್ಯಾರಂಟಿ 260 ವ್ಯಾಟ್. ಆವತ್ತು ಮುಳ್ಳು 290 ದಾಟಿ ನಿಂತಿತ್ತು.

ಮೂವತ್ತು ವ್ಯಾಟ್ ತಾನೆ ಅನ್ನಿಸಬಹುದು. ಆದರೆ ಟಿಸಿಗೆ ರಜೆಯಿಲ್ಲ. ಊರು ಮಲಗಿದರೂ ಅದು ಎದ್ದೇ ಇರುತ್ತದೆ, ವರ್ಷಕ್ಕೆ 8,760 ಗಂಟೆ. ಆ ಮೂವತ್ತು ವ್ಯಾಟು ವರ್ಷಕ್ಕೆ 263 ಯೂನಿಟ್ ಆಗುತ್ತದೆ. 25 ವರ್ಷ ಬಾಳಿದರೆ ಆರೂವರೆ ಸಾವಿರ ಯೂನಿಟ್. ಅದೂ ಒಂದೇ ಒಂದು ಟಿಸಿಯದು.

ಈ ಕರೆಂಟನ್ನು ತಿನ್ನುವುದು ಯಾರು? ತಾಮ್ರವೋ ಅಲ್ಯೂಮಿನಿಯಮ್ಮೋ ಸುತ್ತಿದ ಸುರುಳಿಯಲ್ಲ. ಲೋಡೇ ಇಲ್ಲದಾಗ ಅದರಲ್ಲಿ ಹರಿಯುವುದು ತೀರಾ ಕಡಿಮೆ. ತಿನ್ನುವುದು ಕೋರ್. ಸುರುಳಿಗಳ ನಡುವೆ ನಿಂತ, ನೂರಾರು ತೆಳು ಉಕ್ಕಿನ ಹಾಳೆಗಳನ್ನು ಪೇರಿಸಿ ಬಿಗಿದ ಚೌಕಟ್ಟು. ನಮ್ಮಲ್ಲಿ ಆ ಹಾಳೆಗೆ ಸ್ಟಾಂಪಿಂಗ್ ಅನ್ನುತ್ತಿದ್ದೆವು. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುತ್ತದೆ. ಅದರ ಜೊತೆಗೆ ಈ ಉಕ್ಕಿನೊಳಗಿನ ಅಯಸ್ಕಾಂತವೂ ಉತ್ತರ ದಕ್ಷಿಣ ಬದಲಿಸುತ್ತಲೇ ಇರಬೇಕು. ದಿನವೊಂದಕ್ಕೆ 43 ಲಕ್ಷಕ್ಕೂ ಹೆಚ್ಚು ಸುತ್ತು. ಹೊರಳುವ ಪ್ರತಿ ಸಲವೂ ಒಂದಿಷ್ಟು ಶಕ್ತಿ ಶಾಖವಾಗಿ ಸೋರುತ್ತದೆ.

ಸೋರುವುದು ಏಕೆ ಎಂದು ಹೊಸದಾಗಿ ಸೇರಿದ ಹುಡುಗರಿಗೆ ಹೇಳುವಾಗ ನಾನು ಹೊಲದ ಬದುವಿನಿಂದ ಶುರು ಮಾಡುತ್ತಿದ್ದೆ. ಕಬ್ಬಿಣದೊಳಗೆ ಅಯಸ್ಕಾಂತ ಒಂದೇ ಮುದ್ದೆಯಾಗಿರುವುದಿಲ್ಲ, ಪುಟ್ಟ ಪುಟ್ಟ ವಲಯಗಳಾಗಿ ಹಂಚಿಹೋಗಿರುತ್ತದೆ. ಒಂದೊಂದು ವಲಯವೂ ಒಂದೊಂದು ದಿಕ್ಕಿಗೆ ಮುಖ ಮಾಡಿದ ಪೂರ್ಣ ಪ್ರಮಾಣದ ಅಯಸ್ಕಾಂತ. ಹೀಗಿರಬೇಕು ಎಂದು ಪಿಯೆರ್ ವೈಸ್ ಎಂಬ ಫ್ರೆಂಚ್ ವಿಜ್ಞಾನಿ 1907ರಲ್ಲಿ ಹೇಳಿದರು. ಹೊರಗಿನಿಂದ ಸುರುಳಿ ಒತ್ತಾಯ ಮಾಡಿದಾಗ, ಅದು ಹೇಳಿದ ದಿಕ್ಕಿಗೆ ಮುಖ ಮಾಡಿದ ವಲಯ ದೊಡ್ಡದಾಗುತ್ತದೆ, ಎದುರು ದಿಕ್ಕಿನದು ಕುಗ್ಗುತ್ತದೆ. ಪಕ್ಕದ ಹೊಲದವನು ರಾತ್ರೋರಾತ್ರಿ ಬದು ಒತ್ತಿದ ಹಾಗೆ, ನಡುವಿನ ಗಡಿ ಸರಿಯುತ್ತದೆ. ಅರ್ಧ ಸುತ್ತು ಕಳೆದರೆ ಆ ಕಡೆಯವನ ಸರದಿ.

ಬದು ನುಣ್ಣಗೆ ಸರಿದರೆ ತಕರಾರಿಲ್ಲ. ಆದರೆ ಉಕ್ಕಿನೊಳಗೆ ಮುಳ್ಳುಗಳಿವೆ. ಕಸದ ಕಣ, ಇಂಗಾಲದ ತುಣುಕು, ಹರಳುಗಳ ಅಂಚು, ಹರಳಿನೊಳಗೇ ಪರಮಾಣುಗಳ ಸಾಲು ತಪ್ಪಿದ ಜಾಗ. ಜಾಲಿ ಮುಳ್ಳಿಗೆ ಸೆರಗು ಸಿಕ್ಕಿಕೊಂಡಾಗ ಏನು ಮಾಡುತ್ತೇವೆ? ಎಳೆಯುತ್ತೇವೆ, ಬರುವುದಿಲ್ಲ, ಇನ್ನೂ ಎಳೆಯುತ್ತೇವೆ, ಪಟ್ ಎಂದು ಬಿಟ್ಟುಕೊಳ್ಳುತ್ತದೆ. ವಲಯದ ಗಡಿಯೂ ಹಾಗೇ ಸಿಕ್ಕಿಕೊಂಡು, ತಡೆದು, ಜಿಗಿಯುತ್ತದೆ. ಪ್ರತಿ ಜಿಗಿತಕ್ಕೂ ಒಂದು ಚೂರು ಶಾಖ. ಜರ್ಮನಿಯ ಹೈನ್‌ರಿಕ್ ಬಾರ್ಕ್‌ಹೌಸೆನ್ 1919ರಲ್ಲಿ ಕಬ್ಬಿಣಕ್ಕೆ ತಂತಿ ಸುತ್ತಿ, ಆಂಪ್ಲಿಫೈಯರಿಗೆ ಜೋಡಿಸಿ ಈ ಪಟಪಟ ಸದ್ದನ್ನು ಕಿವಿಗೇ ಕೇಳಿಸಿದರು. ಕಬ್ಬಿಣದೊಳಗಿನದನ್ನು ಕಿವಿಯಿಂದ ಹಿಡಿದ ಮೊದಲಿಗರು ನಮ್ಮ ಫಿಟ್ಟರ್ ಅಲ್ಲ ಎಂದ ಹಾಗಾಯಿತು.

ಸೆರಗು ಸಿಕ್ಕಿಕೊಂಡು ಹಿಂದೆ ಬೀಳುವ ಈ ಗುಣಕ್ಕೆ ಹಿಸ್ಟರಿಸಿಸ್ ಎಂದು ಹೆಸರು. ಅದು ಒಂದು ನಷ್ಟ. ಇನ್ನೊಂದು ಸುಳಿ ಪ್ರವಾಹದ್ದು: ಬದಲಾಗುತ್ತಿರುವ ಅಯಸ್ಕಾಂತ ಉಕ್ಕಿನೊಳಗೇ ವಿದ್ಯುತ್ತಿನ ಸುಳಿಗಳನ್ನು ಎಬ್ಬಿಸಿ ಅದನ್ನು ಕಾಯಿಸುತ್ತದೆ. ಹಾಳೆಯ ದಪ್ಪ ಅರ್ಧಕ್ಕಿಳಿಸಿದರೆ ಸುಳಿಯ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ಕೋರನ್ನು ಒಂದೇ ಗಟ್ಟಿಯಾಗಿ ಎರಕ ಹೊಯ್ಯದೆ, 0.23 ಅಥವಾ 0.27 ಮಿಲಿಮೀಟರಿನ ಹಾಳೆಗಳನ್ನು ಒಂದೊಂದಾಗಿ ಜೋಡಿಸುವ ಹಿಂಸೆ ಇದಕ್ಕಾಗಿಯೇ.

ಈ ಉಕ್ಕಿನ ಪಾಕದ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಸ್ವಂತದ ಅಭಿಮಾನವಿದೆ. ನಾನು ಭದ್ರಾವತಿಯವಳು, ಅಪ್ಪ ಅಲ್ಲಿನ ಕಬ್ಬಿಣದ ಕಾರ್ಖಾನೆಯ ಫೆರೋಸಿಲಿಕಾನ್ ವಿಭಾಗದಲ್ಲಿದ್ದರು. ಉಕ್ಕಿಗೆ ಸಿಲಿಕಾನ್ ಬೆರೆಸುವುದು ಈ ಫೆರೋಸಿಲಿಕಾನ್ ರೂಪದಲ್ಲೇ. ಅವರ ಅಂಗಿಗೆ ಅಂಟಿಕೊಂಡು ಬರುತ್ತಿದ್ದ ಬೂದು ಧೂಳಿಗೂ ನಾನು ಮುಂದೆ ಓದುವ ವ್ಯಾಟ್‌ಮೀಟರಿಗೂ ನಂಟಿದೆ ಎಂದು ಆಗ ಗೊತ್ತಿರಲಿಲ್ಲ. ಇಂಗ್ಲೆಂಡಿನ ರಾಬರ್ಟ್ ಹ್ಯಾಡ್‌ಫೀಲ್ಡ್ ಮತ್ತು ಡಬ್ಲಿನ್‌ನ ವಿಲಿಯಂ ಬ್ಯಾರೆಟ್ ಮುಂತಾದವರು 1900ರ ಸುಮಾರಿಗೆ ತೋರಿಸಿದ್ದು ಇದನ್ನು: ಕಬ್ಬಿಣಕ್ಕೆ ನೂರಕ್ಕೆ ಮೂರರಷ್ಟು ಸಿಲಿಕಾನ್ ಬೆರೆತರೆ ಅದರ ವಿದ್ಯುತ್ ತಡೆ ನಾಲ್ಕು ಪಟ್ಟಿಗೂ ಮೀರಿ ಏರುತ್ತದೆ, ಸುಳಿಗಳು ಸೊರಗುತ್ತವೆ, ಗಡಿಯ ಓಡಾಟವೂ ಸಲೀಸಾಗುತ್ತದೆ. ಹಾಗಾದರೆ ಇನ್ನಷ್ಟು ಸುರಿಯಬಾರದೇ? ಆರೂವರೆ ಭಾಗ ಬೆರೆಸಿದರೆ ಗುಣವೇನೋ ಚಿನ್ನದಂಥದು, ಆದರೆ ಹಾಳೆ ಹಪ್ಪಳ. ಬಾಗಿಸಹೋದರೆ ಲಟಕ್.

ಎರಡನೆಯ ಜಾಣತನ ಅಮೆರಿಕದ ನಾರ್ಮನ್ ಗಾಸ್ ಅವರದು, 1934ರ ಪೇಟೆಂಟ್. ಕಬ್ಬಿಣದ ಹರಳು ಕಲ್ಲುಸಕ್ಕರೆಯ ಹಾಗೆ. ಅದರ ಅಂಚಿನ ಉದ್ದಕ್ಕೆ ಅಯಸ್ಕಾಂತ ಸುಲಭವಾಗಿ ಹರಿಯುತ್ತದೆ, ಓರೆಯಾಗಿ ಹರಿಯಲು ತಕರಾರು ಮಾಡುತ್ತದೆ. ತಣ್ಣಗಿರುವಾಗ ಲಟ್ಟಿಸಿ, ಆಮೇಲೆ ಕುಲುಮೆಯಲ್ಲಿ ಕಾಯಿಸಿ, ಹರಳುಗಳೆಲ್ಲ ಲಟ್ಟಿಸಿದ ದಿಕ್ಕಿಗೇ ಅಂಚು ಮಾಡಿ ಬೆಳೆಯುವಂತೆ ಗಾಸ್ ಮಾಡಿದರು. ಇದೇ ಸಿಆರ್‌ಜಿಓ ಹಾಳೆ. ಒಂದು ತುಂಡಿನ ಮೇಲಿನ ಲೇಪವನ್ನು ಆಸಿಡ್ಡಿನಲ್ಲಿ ತೆಗೆದು ಬಿಸಿಲಿಗೆ ಹಿಡಿದು ನೋಡಿ. ಸತುವಿನ ಲೇಪದ ಬಕೆಟ್ಟಿನ ಮೇಲೆ ಹೂವಿನಂಥ ಚಿತ್ತಾರ ಇರುತ್ತದಲ್ಲ, ಅದೇ ರೀತಿ ಬೆರಳುಗುರಿನಷ್ಟು ದೊಡ್ಡ ಹರಳುಗಳು ಬರಿಗಣ್ಣಿಗೇ ಕಾಣುತ್ತವೆ. ಮೊದಲ ಸಲ ನೋಡಿದ ದಿನ ನಾನು ಆ ತುಂಡನ್ನು ಮನೆಗೆ ತಂದಿದ್ದೆ.

ಅಂದರೆ ಪಾಕವಾಯಿತು, ಹರಳಾಯಿತು. ಇನ್ನೇನು ಬೇಕು ಎಂದು ನಾನು ತಿಳಿದಿದ್ದೆ. ಹಾಳೆಯ ಜೊತೆ ಬಂದ ಸರ್ಟಿಫಿಕೇಟಿನಲ್ಲಿ ಕಿಲೋಗೆ ಇಷ್ಟು ವ್ಯಾಟ್ ಎಂದು ಅಚ್ಚಾಗಿತ್ತು. ಕೋರ್ ಎಷ್ಟು ಕಿಲೋ ಎಂದು ಗೊತ್ತು. ಗುಣಿಸಿದರೆ 290 ಬರುವ ಮಾತೇ ಇಲ್ಲ. ಸರಿ, ಹಾಳೆ ಕಳಪೆ ಎಂದು ತೀರ್ಮಾನಿಸಿ, ಕೊಟ್ಟವರಿಗೆ ಖಾರವಾಗಿ ಒಂದು ಪತ್ರ ಬರೆದೆ. ಫಜೀತಿ ಅಂದೆನಲ್ಲ, ಅದು ಇದೇ. ಅವರು ನಮ್ಮದೇ ಗೋದಾಮಿನಿಂದ ತುಂಡು ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದರು. ಸರ್ಟಿಫಿಕೇಟಿನಲ್ಲಿದ್ದಷ್ಟೇ ಬಂತು.

ನಾನು ಮರೆತಿದ್ದೇನೆಂದರೆ, ಆ ಪರೀಕ್ಷೆ ನಡೆಯುವ ರೀತಿ. ಹಾಳೆಯಿಂದ 30 ಮಿಲಿಮೀಟರ್ ಅಗಲದ ಪಟ್ಟಿಗಳನ್ನು ಕತ್ತರಿಸಿ, ಎಪ್ಸ್ಟೈನ್ ಫ್ರೇಮ್ ಎಂಬ ಚೌಕದಲ್ಲಿ ಜೋಡಿಸಿ ಅಳೆಯುತ್ತಾರೆ. ಈ ಜಾತಿಯ ಉಕ್ಕಾದರೆ ಅಳೆಯುವ ಮೊದಲು ಸಾಮಾನ್ಯವಾಗಿ ಪಟ್ಟಿಗಳನ್ನು ಕುಲುಮೆಯಲ್ಲಿ 800 ಡಿಗ್ರಿ ಆಸುಪಾಸಿಗೆ ಕಾಯಿಸಿ ಮೆಲ್ಲಗೆ ಆರಿಸುತ್ತಾರೆ. ಕತ್ತರಿಸುವಾಗ ಆದ ನೋವೆಲ್ಲ ಅದರಲ್ಲಿ ಇಳಿದುಹೋಗುತ್ತದೆ. ಕಾಗದದ ಮೇಲಿನ ಅಂಕಿ ವಿಶ್ರಾಂತಿ ಪಡೆದ ಉಕ್ಕಿನದು. ನಮ್ಮ ತೊಟ್ಟಿಯೊಳಗಿದ್ದದ್ದು ಕತ್ತರಿಸಿ, ಹೊತ್ತು, ಬಡಿದು, ಬೋಲ್ಟಿನಲ್ಲಿ ಬಿಗಿದ ಉಕ್ಕು. ಎರಡರ ನಡುವಿನ ಅಂತರಕ್ಕೆ ಟ್ರಾನ್ಸ್‌ಫಾರ್ಮರಿನವರು ಬಿಲ್ಡಿಂಗ್ ಫ್ಯಾಕ್ಟರ್ ಎಂದು ಹೆಸರಿಟ್ಟು ಲೆಕ್ಕದಲ್ಲೇ ಸೇರಿಸಿಕೊಂಡಿರುತ್ತಾರೆ. ಕಟ್ಟುವಾಗ ಹತ್ತೋ ಇಪ್ಪತ್ತೋ ಭಾಗ ಕೆಡುತ್ತದೆ ಎಂಬ ಸಭ್ಯ ಒಪ್ಪಿಗೆ.

ಉಕ್ಕನ್ನು ನೋಯಿಸಿದರೆ ಅದರ ಅಯಸ್ಕಾಂತ ಗುಣ ಬದಲಾಗುತ್ತದೆ ಎಂಬುದು ಹಳೆಯ ಸಂಗತಿ. 1842ರಲ್ಲೇ ಜೇಮ್ಸ್ ಜೂಲ್ ಅದರ ಇನ್ನೊಂದು ಮುಖವನ್ನು ಕಂಡಿದ್ದರು: ಕಬ್ಬಿಣವನ್ನು ಅಯಸ್ಕಾಂತಗೊಳಿಸಿದರೆ ಅದು ಒಂದು ಎಳೆಯಷ್ಟು ಉದ್ದವಾಗುತ್ತದೆ. ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುವುದು ಮುಖ್ಯವಾಗಿ ಇದರಿಂದಲೇ. ಮೀಟರ್ ಉದ್ದದ ಪಟ್ಟಿ ಮೈಕ್ರೋಮೀಟರ್ ಲೆಕ್ಕದಲ್ಲಿ ಹಿಗ್ಗುತ್ತದೆ, ತಲೆಗೂದಲ ದಪ್ಪದ ಹತ್ತಿರಕ್ಕೂ ಬಾರದಷ್ಟು. ಆದರೆ ಉತ್ತರಕ್ಕೆ ಹೊರಳಿದರೂ ಹಿಗ್ಗು, ದಕ್ಷಿಣಕ್ಕೆ ಹೊರಳಿದರೂ ಹಿಗ್ಗು. ಹಾಗಾಗಿ 50ರ ಕರೆಂಟಿಗೆ ಸದ್ದು ಸೆಕೆಂಡಿಗೆ 100 ಕಂಪನದ್ದು.

ಜೂಲ್ ಕಂಡದ್ದನ್ನು ತಿರುವಿ ಹಾಕಿದರೆ ಇಟಲಿಯ ಎಮಿಲಿಯೊ ವಿಲ್ಲಾರಿ 1865ರಲ್ಲಿ ಕಂಡದ್ದು ಸಿಗುತ್ತದೆ: ಎಳೆದರೆ ಅಥವಾ ಒತ್ತಿದರೆ ಅಯಸ್ಕಾಂತ ಬದಲಾಗುತ್ತದೆ. ಆಮೇಲೆ ಜೇಮ್ಸ್ ಆಲ್ಫ್ರೆಡ್ ಯೂಯಿಂಗ್. ಸ್ಕಾಟ್ಲೆಂಡಿನವರು, 1878ರಲ್ಲಿ ಟೋಕಿಯೊದಲ್ಲಿ ಪಾಠ ಹೇಳಲು ಹೋದಾಗ ವಯಸ್ಸು 23. ಒಂದು ಕಡೆ ಭೂಕಂಪ ಅಳೆಯುವ ಯಂತ್ರ ಮಾಡುತ್ತ, ಇನ್ನೊಂದು ಕಡೆ ಕಬ್ಬಿಣದ ತಂತಿಗಳನ್ನು ತಿರುಚುತ್ತ, ಎಳೆಯುತ್ತ, ಅಯಸ್ಕಾಂತ ಹೇಗೆ ಹಿಂದೆ ಬೀಳುತ್ತದೆ ಎಂದು ಜಪಾನಿ ವಿದ್ಯಾರ್ಥಿಗಳ ಜೊತೆ ಕೂತು ಅಳೆದರು. ಹಿಸ್ಟರಿಸಿಸ್ ಎಂಬ ಹೆಸರು ಅವರೇ ಗ್ರೀಕಿನಿಂದ ತೆಗೆದು ಇಟ್ಟದ್ದು. ಅವರು ಕಂಡ ಒಂದು ಸಂಗತಿ ನನಗೆ ಬಹಳ ಇಷ್ಟ. ಅಯಸ್ಕಾಂತಗೊಳಿಸುತ್ತಿರುವಾಗ ಮೆದು ಕಬ್ಬಿಣವನ್ನು ಮೆಲ್ಲಗೆ ತಟ್ಟುತ್ತಿದ್ದರೆ ಹಿಸ್ಟರಿಸಿಸ್ ಬಹುಪಾಲು ಮಾಯವಾಗುತ್ತದೆ! ಸಿಕ್ಕಿಕೊಂಡ ಸೆರಗನ್ನು ಗಿಡ ಅಲ್ಲಾಡಿಸಿ ಬಿಡಿಸಿಕೊಂಡ ಹಾಗೆ. ತಟ್ಟುವುದು ಬೇರೆ, ಬಡಿಯುವುದು ಬೇರೆ. ಬಡಿದಾಗ ಹರಳಿನೊಳಗಿನ ಸಾಲುಗಳು ಶಾಶ್ವತವಾಗಿ ತಪ್ಪುತ್ತವೆ, ಅಂದರೆ ಹೊಸ ಮುಳ್ಳು ಹುಟ್ಟುತ್ತದೆ.

ಬಾಗದೆ, ಮುರಿಯದೆ, ಬರೀ ಒತ್ತಡದಲ್ಲಿದ್ದರೂ ಕೆಡುತ್ತದೆಯೇ? ಕೆಡುತ್ತದೆ, ಆದರೆ ದಿಕ್ಕು ನೋಡಿ. ಈ ಉಕ್ಕು ಅಯಸ್ಕಾಂತವಾದಾಗ ಹಿಗ್ಗುವ ಜಾತಿಯದು. ಉದ್ದಕ್ಕೆ ಎಳೆದು ಹಿಡಿದರೆ ವಲಯಗಳಿಗೆ ಉದ್ದಕ್ಕೆ ಮಲಗುವುದು ಹಿತ. ನಮಗೆ ಬೇಕಾದದ್ದೂ ಅದೇ. ಉದ್ದಕ್ಕೆ ಅದುಮಿದರೆ ಅವು ಅಡ್ಡಕ್ಕೆ ತಿರುಗಿಕೊಳ್ಳುತ್ತವೆ. ಆಮೇಲೆ ಪ್ರತಿ ಸುತ್ತಿಗೂ ಅಡ್ಡ ಮಲಗಿದವರನ್ನು ಎಬ್ಬಿಸಿ ನೆಟ್ಟಗೆ ಮಾಡುವ ರಗಳೆ. ನಷ್ಟ ಏರುತ್ತದೆ, ಹಿಗ್ಗುವಿಕೆ ಹೆಚ್ಚಿ ಸದ್ದೂ ಏರುತ್ತದೆ. ಸಿಆರ್‌ಜಿಓ ಹಾಳೆಯ ಮೇಲಿನ ಗಾಜಿನಂಥ ಬೂದು ಲೇಪವನ್ನು ನಾನು ಬಹಳ ವರ್ಷ ಬರೀ ಇನ್ಸುಲೇಷನ್ ಎಂದುಕೊಂಡಿದ್ದೆ. ಅದಕ್ಕೆ ಇನ್ನೊಂದು ಕೆಲಸವಿದೆ. ಬಿಸಿಯಲ್ಲಿ ಹಚ್ಚಿದ ಲೇಪ ತಣ್ಣಗಾಗುವಾಗ ಉಕ್ಕಿನಷ್ಟು ಕುಗ್ಗುವುದಿಲ್ಲ. ಹಾಳೆಯನ್ನು ಎರಡೂ ಮುಖದಿಂದ ಹಿಡಿದು ಜಗ್ಗಿಯೇ ಇರುತ್ತದೆ. ಡೊಳ್ಳಿನ ಚರ್ಮದ ಹಾಗೆ ಉಕ್ಕು ಜೀವನಪರ್ಯಂತ ಬಿಗಿಯಲ್ಲಿರುತ್ತದೆ. ಆ ಬಿಗಿಯೇ ವ್ಯಾಟ್ ಉಳಿಸುವುದು.

ನಮ್ಮ ಅಂಗಳದಲ್ಲಿ ಆ ಬಿಗಿಗೆ ಏನಾಗುತ್ತಿತ್ತು? ಪತ್ರ ವಾಪಸಾದ ಮೇಲೆ ಒಂದಿಡೀ ದಿನ ಕೋರ್ ಕಟ್ಟುವ ಜಾಗದಲ್ಲಿ ಸ್ಟೂಲ್ ಹಾಕಿಕೊಂಡು ಕೂತೆ. ಮೊದಲು ಹಾಳೆಯ ಅಂಚಿನ ಮೇಲೆ ಬೆರಳಾಡಿಸಿದೆ. ತರಿತರಿ. ಕತ್ತರಿಸುವ ಮೆಷಿನ್ನಿನ ಬ್ಲೇಡು ಮೊಂಡಾಗಿತ್ತು. ಮೊಂಡು ಬ್ಲೇಡು ಕತ್ತರಿಸುವುದಿಲ್ಲ, ಹರಿಯುತ್ತದೆ. ಅಂಚಿನಿಂದ ಒಳಕ್ಕೂ ಒಂದಷ್ಟು ದೂರ ಉಕ್ಕು ಜಜ್ಜಿಹೋಗಿರುತ್ತದೆ. ಅಗಲವಾದ ಹಾಳೆಯಲ್ಲಿ ಅದು ಜುಜುಬಿ, ಕಿರಿದಾದ ಹಾಳೆಯಲ್ಲಿ ದೊಡ್ಡ ಪಾಲು. ಸಾಲದ್ದಕ್ಕೆ ಆ ತರಿ ಪಕ್ಕದ ಹಾಳೆಯ ಲೇಪ ಕೊರೆದು ಎರಡನ್ನೂ ಕೂಡಿಸುತ್ತದೆ, ಸುಳಿಗೆ ಸೇತುವೆ. ನಲವತ್ತೈದು ಡಿಗ್ರಿಯ ಮೂಲೆಯಲ್ಲಿ ಹಾಳೆ ಹಾಳೆಗೆ ಕೂಡದೆ ಸಂದು ಉಳಿದರೆ ಹುಡುಗರು ಸುತ್ತಿಗೆಯಿಂದ ಬಡಿದು ಕೂರಿಸುತ್ತಿದ್ದರು. ಮಧ್ಯಾಹ್ನ ಊಟದ ಹೊತ್ತಿಗೆ ಒಬ್ಬ ಪೇರಿಸಿಟ್ಟ ಹಾಳೆಗಳ ಮೇಲೆ ಕೂತು ಬುತ್ತಿ ಬಿಚ್ಚಿದ. ನಾನು ನೋಡಿದ್ದು ಕಂಡು ಎದ್ದ, ಪಾಪ.

ಕೊನೆಗೆ ಸಿಕ್ಕಿದ್ದು ಮುಖ್ಯ ಕಳ್ಳ. ಕೋರನ್ನು ಅದುಮಿ ಹಿಡಿಯುವ ಕಬ್ಬಿಣದ ಚಾನೆಲ್ ಬಾಗಿತ್ತು. ಮೇಲೆ ಸಪಾಟು ಪಟ್ಟಿ ಇಟ್ಟು ನೋಡಿದರೆ ಬೆಳಕು ಹಾಯುವಷ್ಟು. ಬೋಲ್ಟ್ ಬಿಗಿದಾಗ ಇಡೀ ಕೋರು ಆ ಬಾಗಿಗೆ ಬಾಗುತ್ತಿತ್ತು. ಹಾಳೆ ಬಾಗಿತೆಂದರೆ ಅದರ ಒಂದು ಮೈ ಎಳೆತಕ್ಕೆ, ಇನ್ನೊಂದು ಮೈ ಅದುಮುವಿಕೆಗೆ. ಸದ್ದು ಬರುತ್ತಿದೆ ಎಂದು ಹುಡುಗರು ಸ್ಪ್ಯಾನರಿಗೆ ಪೈಪು ತೂರಿಸಿ ಇನ್ನೂ ಬಿಗಿಯುತ್ತಿದ್ದರು. ಬಿಗಿದಷ್ಟೂ ಸದ್ದು.

"ಅಣ್ಣಾ, ನೀವು ಹೇಳಿದ್ದೇ ಸರಿ" ಅಂದೆ ಫಿಟ್ಟರಿಗೆ. ಅವರೇನೂ ಬೀಗಲಿಲ್ಲ. ಬೋಲ್ಟುಗಳನ್ನು ಸಡಿಲಿಸಿ ಮತ್ತೆ ಟೆಸ್ಟಿಗೆ ಹಾಕಿದರು. ಬೇರೇನೂ ಮುಟ್ಟದೆ ಮುಳ್ಳು ಸುಮಾರು ಹದಿನೈದು ವ್ಯಾಟ್ ಕೆಳಗೆ ಬಂತು. ಚಾನೆಲ್ ಬದಲಿಸಿ, ಬ್ಲೇಡಿಗೆ ಸಾಣೆ ಹಿಡಿಸಿ ಕಟ್ಟಿದ ಮುಂದಿನ ಕೋರು 260ರ ಒಳಗೇ ನಿಂತಿತು. ಅದೇ ಗೋದಾಮಿನ ಅದೇ ಹಾಳೆ. ಕ್ಷಮಾಪಣೆ ಪತ್ರವನ್ನು ನಾನೇ ಬರೆದೆ, ಮೊದಲಿನದಕ್ಕಿಂತ ಚಿಕ್ಕದಾಗಿ.

ಮೋಟಾರಿನಲ್ಲೂ ಇದೇ ಕತೆ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ತೊಡಿಸಿ, ನೀರು ಹಾಕಿ ಕುಗ್ಗಿಸುವುದನ್ನು ನೋಡಿದವರಿಗೆ ಸುಲಭವಾಗಿ ಗೊತ್ತಾಗುತ್ತದೆ. ಈಗಿನ ಎಷ್ಟೋ ವಿದ್ಯುತ್ ವಾಹನಗಳ ಮೋಟಾರಿನಲ್ಲಿ, ಹಾಳೆ ಪೇರಿಸಿ ಕಟ್ಟಿದ, ತಿರುಗದ ಭಾಗವಾದ ಸ್ಟೇಟರನ್ನು ಕವಚದೊಳಗೆ ಕೂರಿಸುವುದೂ ಹಾಗೇ. ಕವಚ ಕಾಯಿಸಿ ಹಿಗ್ಗಿಸು, ಸ್ಟೇಟರ್ ಇಳಿಸು, ತಣಿಯಲಿ. ಹಿಡಿತ ಭದ್ರ. ಆದರೆ ಸುತ್ತಲಿಂದ ಅದುಮಿಸಿಕೊಂಡ ಉಕ್ಕಿನಲ್ಲಿ ನಷ್ಟ ಏರುತ್ತದೆ. ಎಷ್ಟು ಬಿಗಿ ಸಾಕು ಎಂಬುದಕ್ಕೇ ಎಂಜಿನಿಯರುಗಳು ತಲೆ ಕೆಡಿಸಿಕೊಳ್ಳುತ್ತಾರೆ. ಇನ್ನು ನಮ್ಮ ರಿವೈಂಡಿಂಗ್ ಅಂಗಡಿಗಳು. ಸುಟ್ಟ ಪಂಪಿನ ಹಳೆ ವೈಂಡಿಂಗ್ ಕೀಳಲು ಬೆಂಕಿ ಹಾಕಿ, ಉಳಿ ಸುತ್ತಿಗೆ ಹಿಡಿದು ಹೊಡೆದು ತೆಗೆಯುವುದು. ಹಾಳೆಗಳ ನಡುವಿನ ಲೇಪ ಸುಡುತ್ತದೆ, ಸ್ಟೇಟರಿನ ಹಲ್ಲುಗಳು ಬಾಗುತ್ತವೆ. ಪಂಪು ಓಡುತ್ತದೆ, ಇಲ್ಲವೆನ್ನುವುದಿಲ್ಲ. ಮೊದಲಿಗಿಂತ ಬಿಸಿಯಾಗಿ ಓಡುತ್ತದೆ. ನೀರಾವರಿ ಪಂಪಿಗೆ ಬಿಲ್ಲಿಲ್ಲದ ಊರಿನಲ್ಲಿ ಅದು ಯಾರ ಗಮನಕ್ಕೆ ಬರಬೇಕು?

ಒತ್ತಡವೆಲ್ಲ ಕೆಟ್ಟದ್ದು ಎಂದು ನಾನು ಒಂದು ತರಬೇತಿಯಲ್ಲಿ ಭಾಷಣ ಬಿಗಿದು, ಎದ್ದು ನಿಂತ ಹುಡುಗಿಯೊಬ್ಬಳಿಂದ ಪಾಠ ಕಲಿತದ್ದೂ ಉಂಟು. "ಹಾಗಾದರೆ ಲೇಸರ್ ಗೀರು ಏಕೆ ಹಾಕ್ತಾರೆ ಮೇಡಂ?" ಅಂದಳು. ಸರಿಯಾದ ಪ್ರಶ್ನೆ. ಒಳ್ಳೆಯ ಸಿಆರ್‌ಜಿಓದಲ್ಲಿ ಹರಳು ದೊಡ್ಡದು, ವಲಯವೂ ಅಗಲ. ಗಡಿಗಳು ಕಡಿಮೆ ಇರುವುದರಿಂದ ಒಂದೊಂದೂ ದೂರ ಓಡಬೇಕು, ವೇಗವಾಗಿ ಓಡಬೇಕು, ಅಷ್ಟು ಸುಳಿ. ಅದಕ್ಕೆ ಲಟ್ಟಿಸಿದ ದಿಕ್ಕಿಗೆ ಅಡ್ಡಲಾಗಿ, ಕೆಲವು ಮಿಲಿಮೀಟರಿಗೊಂದರಂತೆ ಲೇಸರಿನಿಂದ ಬಲು ಹಗುರವಾಗಿ ಗೀರುತ್ತಾರೆ. ಆ ಗೆರೆಯ ಉದ್ದಕ್ಕೂ ಉಳಿಯುವ ಚೂರೇ ಚೂರು ಒತ್ತಡ ಅಗಲದ ವಲಯಗಳನ್ನು ಸಣ್ಣದಾಗಿ ಸೀಳುತ್ತದೆ. ಗಡಿಗಳು ಹೆಚ್ಚಾಗುತ್ತವೆ, ಓಟ ಕಡಿಮೆಯಾಗುತ್ತದೆ, ನಷ್ಟ ಇಳಿಯುತ್ತದೆ. ಇಂಥ ಹಾಳೆಯನ್ನು ನೋವು ಇಳಿಸುತ್ತೇನೆಂದು ಕುಲುಮೆಗೆ ಹಾಕಿದರೆ ಆ ಲಾಭವೂ ಬೂದಿ. ಅಳತೆಯಿಟ್ಟು, ಜಾಗ ನೋಡಿ ಕೊಟ್ಟ ನೋವು ಅದು, ಸುತ್ತಿಗೆಯವನದು ಅಂದಾಜಿನದು.

ನಿವೃತ್ತಿಯಾದ ಮೇಲೂ ಚಟ ಬಿಟ್ಟಿಲ್ಲ. ರಾತ್ರಿ ಊಟ ಮುಗಿಸಿ ನಡೆಯುವಾಗ ನಮ್ಮ ಬೀದಿ ಕೊನೆಯ ಟಿಸಿಯ ಹತ್ತಿರ ಒಂದು ನಿಮಿಷ ನಿಲ್ಲುತ್ತೇನೆ, ಬೇಲಿಯ ಆಚೆಯೇ. ಸ್ಕ್ರೂಡ್ರೈವರಿನ ಕಸುಬು ಟೆಸ್ಟಿಂಗ್ ವಿಭಾಗಕ್ಕೆ ಮಾತ್ರ. ಕಳೆದ ಮಳೆಗಾಲ ಆ ಟಿಸಿ ಸುಟ್ಟುಹೋಗಿ, ರಿಪೇರಿಯಾದ ಇನ್ನೊಂದು ಬಂತು. ಲಾರಿಯ ಹಿಂಬದಿಗೆ ಎರಡು ಹಳೆ ಟೈರು ಹಾಸಿ, ನಾಲ್ಕು ಜನ ಸೇರಿ ಹಾರೆಯಿಂದ ಮೀಟಿ ಉರುಳಿಸಿದರು. ದೊಪ್ ಎಂದು ಬಿತ್ತು, ಒಮ್ಮೆ ಪುಟಿದು ಓರೆಯಾಗಿ ನಿಂತಿತು. "ಮೆಲ್ಲಗಪ್ಪಾ" ಅಂದೆ. "ಕಬ್ಬಿಣ ತಾನೆ ಅಮ್ಮಾ, ಏನಾಗುತ್ತೆ?" ಅಂದ ಹಾರೆ ಹಿಡಿದವನು, ಬೆವರು ಒರೆಸಿಕೊಳ್ಳುತ್ತ.

ಸಂಜೆ ಚಾರ್ಜ್ ಮಾಡಿದರು, ಬೀದಿಗೆ ಬೆಳಕು ಬಂತು. ರಾತ್ರಿ ಹೋಗಿ ನಿಂತೆ. ಹಳೆಯದಕ್ಕಿಂತ ಗಂಟಲು ಒಂದಿಷ್ಟು ಒಡಕು. ಮೊಬೈಲ್ ಬೆಳಕು ಬಿಟ್ಟು ನೋಡಿದರೆ ತೊಟ್ಟಿಯ ಮೇಲೆ ಹಳದಿ ಬಣ್ಣದಲ್ಲಿ 100 ಕೆವಿಎ ಎಂದು ಬರೆದಿತ್ತು, ಕೆಳಗೆ ರಿಪೇರಿಯಾದ ತಾರೀಖು, ಅದರ ಕೆಳಗೆ ಎಣ್ಣೆ ಎಷ್ಟು ಲೀಟರ್ ಎಂಬುದು. ಸುಮ್ಮನೆ ಕೂತು ಎಷ್ಟು ವ್ಯಾಟ್ ತಿನ್ನುತ್ತದೆ ಎಂಬುದು ಎಲ್ಲೂ ಇರಲಿಲ್ಲ.